ಪ್ಲೇಸ್‌ಮೆಂಟ್ ಅಂದರೆ ಕೆಲಸ ಸಿಕ್ಕಿತು ಅಂತಲ್ಲ: ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಆಸ್ಪತ್ರೆಯಲ್ಲಿ ಕಲಿಯುವುದು ಹೇಗೆ?

ಚಿತ್ರದುರ್ಗದಿಂದ ನಮ್ಮಕ್ಕ ಫೋನ್ ಮಾಡಿದಾಗ ದನಿಯಲ್ಲೇ ಖುಷಿ ಇತ್ತು. ‘ಮಗಳಿಗೆ ಪ್ಲೇಸ್‌ಮೆಂಟ್ ಆಯ್ತು ಕಣೋ. ದಾವಣಗೆರೆಯಲ್ಲಿ, ಆಸ್ಪತ್ರೆಯಲ್ಲಿ’ ಅಂದಳು. ಮಗಳು ಎಂ.ಎಸ್ಸಿ. ಮನಶ್ಶಾಸ್ತ್ರದ ಎರಡನೇ ವರ್ಷದಲ್ಲಿದ್ದಾಳೆ. ಭಾವ ಆಗಲೇ ಸಂಬಳದ ಲೆಕ್ಕ ಹಾಕುತ್ತಿದ್ದರು. ಸಂಜೆ ಹುಡುಗಿ ಮನೆಗೆ ಬಂದು, ‘ಅಪ್ಪಾಜಿ, ಇದು ಕೆಲಸ ಅಲ್ಲ, ಓದಿನ ಒಂದು ಭಾಗ. ಸಂಬಳ ಇಲ್ಲ, ಬಸ್ ಚಾರ್ಜೂ ನಾವೇ ಹಾಕ್ಕೋಬೇಕು’ ಅಂದಳಂತೆ. ಸ್ವಲ್ಪ ಹೊತ್ತು ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಆಮೇಲೆ ಭಾವ ನನಗೇ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿದರು. ಕಾಲೇಜಿಗೆ ಫೀಸು ಕಟ್ಟಿದ ಮೇಲೆ ಕಲಿಯಲು ಹೊರಗೆ ಯಾಕೆ ಹೋಗಬೇಕು? ಇನ್ನೂ ಓದುತ್ತಿರುವ ಮಕ್ಕಳ ಕೈಗೆ ರೋಗಿಗಳನ್ನು ಕೊಡುತ್ತಾರಾ? ಮೊದಲನೆಯದು ವಿದ್ಯಾರ್ಥಿಗಳ ಮನೆಯವರ ಪ್ರಶ್ನೆ. ಎರಡನೆಯದು ನಾಳೆ ನಮ್ಮಲ್ಲಿ ಯಾರು ಬೇಕಾದರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೇಳಬಹುದಾದ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಪದಗಳ ಗೊಂದಲ ಮೊದಲು ಬಿಡಿಸೋಣ

ಇಂಜಿನಿಯರಿಂಗ್ ಕಾಲೇಜುಗಳಿಂದಾಗಿ ನಮ್ಮಲ್ಲಿ ಪ್ಲೇಸ್‌ಮೆಂಟ್ ಅಂದರೆ ಕೆಲಸ ಅಂತಲೇ ಆಗಿಬಿಟ್ಟಿದೆ. ಮನಶ್ಶಾಸ್ತ್ರ, ನರ್ಸಿಂಗ್, ಸಮಾಜಕಾರ್ಯದಂಥ ಕೋರ್ಸ್‌ಗಳಲ್ಲಿ ಅದರ ಅರ್ಥ ಬೇರೆ. ವಿದ್ಯಾರ್ಥಿಯನ್ನು ಗೊತ್ತಾದ ಅವಧಿಗೆ ಒಂದು ಆಸ್ಪತ್ರೆಗೋ, ವಿಶೇಷ ಶಾಲೆಗೋ, ವ್ಯಸನಮುಕ್ತಿ ಕೇಂದ್ರಕ್ಕೋ ಕಳಿಸಿ, ಅಲ್ಲಿ ನಿಜವಾದ ಜನರ ನಡುವೆ ಕಲಿಯಲು ಬಿಡುವುದೇ ಪ್ಲೇಸ್‌ಮೆಂಟ್. ಕಾಲೇಜಿನ ಹೊರಗಿನ ಸಂಸ್ಥೆಯಲ್ಲಿ ನಡೆಯುವುದರಿಂದ ಇದನ್ನು ‘ಬಾಹ್ಯ’ ತರಬೇತಿ ಅನ್ನುತ್ತಾರೆ. ಅನುಭವಸ್ಥರೊಬ್ಬರ ಕಣ್ಗಾವಲಿನಲ್ಲಿ ನಡೆಯುವುದರಿಂದ ‘ಮೇಲ್ವಿಚಾರಣೆಯ’ ತರಬೇತಿ ಅಂತಲೂ ಅನ್ನುತ್ತಾರೆ. ಆ ಅನುಭವಸ್ಥರೇ ಸೂಪರ್‌ವೈಸರ್.

ದಾವಣಗೆರೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಿಂದ ಇಲ್ಲಿದೆ. ಹೌಸ್ ಸರ್ಜನ್ ಅಂದರೆ ಯಾರು ಅಂತ ಈ ಊರಿಗೆ ವಿವರಿಸಬೇಕಿಲ್ಲ. ಪುಸ್ತಕ ಓದಿ ಮುಗಿಸಿದ ಹುಡುಗ ವಾರ್ಡಿನಲ್ಲಿ ಬಿ.ಪಿ. ನೋಡುತ್ತಾನೆ, ಇಂಜೆಕ್ಷನ್ ಕೊಡುತ್ತಾನೆ, ಆದರೆ ದೊಡ್ಡ ಡಾಕ್ಟರು ರೌಂಡ್ಸ್‌ಗೆ ಬಂದು ನೋಡುವ ತನಕ ಅವನ ಮಾತೇ ಕೊನೆಯದಲ್ಲ. ಮನಶ್ಶಾಸ್ತ್ರದ ಪ್ಲೇಸ್‌ಮೆಂಟ್ ಹೆಚ್ಚುಕಡಿಮೆ ಹಾಗೇ. ವ್ಯತ್ಯಾಸ ಒಂದೇ. ಇಲ್ಲಿ ಸೂಜಿ ಇಲ್ಲ, ಮಾತಿದೆ. ಮಾತು ಎಲ್ಲಿ ಚುಚ್ಚಿತು ಅಂತ ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಕಾಯುವ ಕಣ್ಣು ಇಲ್ಲಿ ಇನ್ನೂ ಜಾಸ್ತಿ ಬೇಕು.

ಯಾರು ಯಾರು ಅನ್ನುವುದನ್ನೂ ಹೇಳಿಬಿಡುತ್ತೇನೆ. ಸೈಕಿಯಾಟ್ರಿಸ್ಟ್ ಅಂದರೆ ಎಂ.ಬಿ.ಬಿ.ಎಸ್. ಮಾಡಿ, ಆಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆಗಳ ಮೂಲಕ ಮನಸ್ಸಿನ ಸ್ಥಿತಿ ಅಳೆಯುತ್ತಾರೆ, ಮಾತಿನ ಚಿಕಿತ್ಸೆ ಕೊಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಮನೆ, ಕೆಲಸ, ಸರ್ಕಾರಿ ಸೌಲಭ್ಯಗಳ ಕಡೆ ನೋಡುತ್ತಾರೆ. ನಮ್ಮ ಹುಡುಗಿ ಇವರಲ್ಲಿ ಯಾರೂ ಅಲ್ಲ. ಅವಳು ಇನ್ನೂ ಟ್ರೈನಿ, ಅಂದರೆ ಕಲಿಯುವವಳು.

ಕ್ಲಾಸಿನಲ್ಲಿ ಸಿಗದ್ದು ಏನು?

ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಒಬ್ಬರ ಮೇಲೊಬ್ಬರು ಪರೀಕ್ಷೆ ಮಾಡಿ ಕಲಿಯುತ್ತಾರೆ. ಗೆಳತಿಯೇ ರೋಗಿ, ಗೆಳತಿಯೇ ಸೈಕಾಲಜಿಸ್ಟ್. ಗೆಳತಿ ಚೆನ್ನಾಗಿ ನಿದ್ದೆ ಮಾಡಿ ಬಂದಿರುತ್ತಾಳೆ, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳುತ್ತಾಳೆ. ನಿಜವಾಗಿ ನರಳುತ್ತಿರುವವರು ಹಾಗೆ ಇರುವುದಿಲ್ಲ.

ಅದಕ್ಕಿಂತ ದೊಡ್ಡ ಗೋಡೆ ಭಾಷೆಯದು. ಪುಸ್ತಕವೆಲ್ಲ ಇಂಗ್ಲಿಷಿನಲ್ಲಿದೆ. ಆಂಗ್ಸೈಟಿ, ಡಿಪ್ರೆಶನ್ ಅಂತ ಓದಿದ ಹುಡುಗಿ ಓಪಿಡಿಯಲ್ಲಿ ಕೂತರೆ ಆ ಪದ ಯಾರ ಬಾಯಲ್ಲೂ ಬರುವುದಿಲ್ಲ. ‘ಎದಿ ಢವಢವ ಅಂತೈತ್ರಿ’ ಅನ್ನುತ್ತಾರೆ. ‘ಕೈಕಾಲು ಸೋತು ಬರ್ತೈತೆ’, ‘ತಲಿ ಜುಮ್ ಅಂತೈತಿ’, ‘ಯಾಕೋ ಬ್ಯಾಸ್ರ, ಯಾರ್ ಕೂಡಾನೂ ಮಾತಾಡ್ಬಾರ್ದು ಅನ್ನಿಸ್ತೈತಿ’ ಅನ್ನುತ್ತಾರೆ. ನಮ್ಮಮ್ಮ ಅಪ್ಪ ತೀರಿಕೊಂಡ ವರ್ಷ ‘ಎದೆಯಲ್ಲಿ ಮಂಡಕ್ಕಿ ಹುರಿದ ಹಾಗಾಗುತ್ತೆ’ ಅಂತಿದ್ದರು. ಈ ಊರಿನಲ್ಲಿ ಮಂಡಕ್ಕಿ ಭಟ್ಟಿ ನೋಡಿದವರಿಗೆ ಆ ಮಾತು ಥಟ್ಟನೆ ತಲುಪುತ್ತದೆ. ಬಿಸಿ ಮರಳಿನಲ್ಲಿ ಅಕ್ಕಿ ಚಟಪಟ ಸಿಡಿಯುವುದು ಕಣ್ಣಿಗೆ ಕಟ್ಟುತ್ತದೆ. ಯಾವ ಪಠ್ಯಪುಸ್ತಕದಲ್ಲೂ ಅದಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಾದರೆ ತೆಲುಗು ಬರುತ್ತದೆ, ತಾಂಡಾದವರಾದರೆ ಲಂಬಾಣಿ, ದಾವಣಗೆರೆಯ ಎಷ್ಟೋ ಬೀದಿಗಳಲ್ಲಿ ಉರ್ದು. ಇದನ್ನೆಲ್ಲ ಕೇಳಿಸಿಕೊಂಡೇ ಕಲಿಯಬೇಕು.

ಇನ್ನೊಂದು ಉದಾಹರಣೆ. ‘ಮೈಮೇಲೆ ಅಮ್ಮ ಬರ್ತಾಳೆ’ ಅಂತ ಒಬ್ಬ ಹೆಂಗಸನ್ನು ಕರೆತಂದರು ಅಂದುಕೊಳ್ಳಿ. ಹೊಸಬರು ಕೂಡಲೇ ಕಾಯಿಲೆಯ ಹೆಸರು ಬರೆದುಬಿಡಬಹುದು. ಅನುಭವಸ್ಥರು ಮೊದಲು ಬೇರೆಯದೇ ಕೇಳುತ್ತಾರೆ. ಯಾವಾಗ ಬರುತ್ತದೆ? ದುಗ್ಗಮ್ಮನ ಜಾತ್ರೆಯಲ್ಲಿ, ಪೂಜೆಯ ಹೊತ್ತಿನಲ್ಲಿ ಮಾತ್ರವಾ, ಅಥವಾ ಅಡುಗೆ ಮಾಡುವಾಗಲೂ, ರಾತ್ರಿಯೂ ಬರುತ್ತದಾ? ಆಮೇಲೆ ಮನೆಗೆಲಸ, ಊಟ, ನಿದ್ದೆ ಮೊದಲಿನ ಹಾಗೇ ಇದೆಯಾ? ಅದರಿಂದ ಆಕೆಗೆ ತೊಂದರೆ ಇದೆಯಾ, ಅಥವಾ ಸುತ್ತಲಿನವರಿಗೆ ಗಾಬರಿಯಾಗಿದೆಯಷ್ಟೇನಾ? ನಂಬಿಕೆ ಎಲ್ಲಿ ಮುಗಿಯುತ್ತದೆ, ನರಳಾಟ ಎಲ್ಲಿ ಶುರುವಾಗುತ್ತದೆ ಅಂತ ಗುರುತಿಸುವುದು ನಾಲ್ಕು ಗೋಡೆಯ ಕ್ಲಾಸಿನಲ್ಲಿ ಬರುವ ವಿದ್ಯೆಯಲ್ಲ.

ಟ್ರೈನಿ ಏನೇನು ಮಾಡುತ್ತಾರೆ?

ಮೊದಲ ದಿನಗಳಲ್ಲಿ ಹೆಚ್ಚಾಗಿ ನೋಡುವುದೇ ಕೆಲಸ. ಸೂಪರ್‌ವೈಸರ್ ಪಕ್ಕದ ಕುರ್ಚಿಯಲ್ಲಿ ಸುಮ್ನೆ ಕೂತು ಕೇಳಿಸಿಕೊಳ್ಳಬೇಕು. ಆಮೇಲೆ ಕೇಸ್ ಹಿಸ್ಟರಿ ಬರೆಯುವುದು. ಯಾವಾಗಿನಿಂದ ತೊಂದರೆ, ಮನೆಯಲ್ಲಿ ಯಾರ್‍ಯಾರಿದ್ದಾರೆ, ಹಿಂದೆ ಯಾರಿಗಾದರೂ ಹೀಗಾಗಿತ್ತಾ, ಊಟ ನಿದ್ದೆ ಹೇಗಿದೆ. ಒಂದು ಒಳ್ಳೆಯ ಹಿಸ್ಟರಿಗೆ ಗಂಟೆ ಮೇಲೆ ಹಿಡಿಯುತ್ತದೆ. ನಂತರ ಬುದ್ಧಿಮಟ್ಟ, ನೆನಪು, ವ್ಯಕ್ತಿತ್ವ ಅಳೆಯುವ ಪರೀಕ್ಷೆಗಳು. ಎಲ್ಲಕ್ಕಿಂತ ಕೊನೆಗೆ, ಅದೂ ಸೂಪರ್‌ವೈಸರ್ ಒಪ್ಪಿದರೆ, ಸರಳವಾದ ಆಪ್ತಸಮಾಲೋಚನೆಯ ಒಂದೆರಡು ಸೆಷನ್. ಮಾಡಿದ್ದನ್ನೆಲ್ಲ ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಇದು ಕೆಲವು ವಾರಗಳ ಅಭ್ಯಾಸ. ಮುಂದೆ ಕ್ಲಿನಿಕಲ್ ಸೈಕಾಲಜಿಯ ಉನ್ನತ ಕೋರ್ಸ್ ಸೇರಿದವರಿಗೆ ವರ್ಷಗಟ್ಟಲೆ ಇದೇ ಓದು.

ಬೇರೆ ದೇಶಗಳಲ್ಲೂ ದಾರಿ ಇದೇ. ಆಸ್ಟ್ರೇಲಿಯಾದಲ್ಲಿ ಕ್ಲಿನಿಕಲ್ ಸೈಕಾಲಜಿಯ ಸ್ನಾತಕೋತ್ತರ ಕೋರ್ಸ್‌ಗೆ ಸುಮಾರು 1,000 ಗಂಟೆಗಳ ಪ್ಲೇಸ್‌ಮೆಂಟ್ ಬೇಕು. ಸಾಮಾನ್ಯವಾಗಿ ಮೊದಲು ವಿಶ್ವವಿದ್ಯಾಲಯದ ಸ್ವಂತ ಕ್ಲಿನಿಕ್‌ನಲ್ಲಿ, ಆಮೇಲೆ ಹೊರಗಿನ ಆಸ್ಪತ್ರೆಗಳಲ್ಲಿ. ಒಳಗೆ ಕೈ ಪಳಗಿಸಿ ಹೊರಗೆ ಕಳಿಸುವ ಈ ಕ್ರಮ ನನಗೆ ತುಂಬಾ ಸರಿ ಅನ್ನಿಸುತ್ತದೆ.

ಸೂಪರ್‌ವೈಸರ್ ಮಾಡುವ ಕೆಲಸ

ಇದೇ ಇಡೀ ವಿಷಯದ ಬೇರು. ಸೂಪರ್‌ವೈಸರ್ ಅಂದರೆ ಹಾಜರಿ ನೋಡುವವರು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಒಂದು ಪ್ರಸಂಗ ಹೇಳುತ್ತೇನೆ. ಯಾರ ಕೇಸೂ ಅಲ್ಲ, ವಿಷಯ ತಿಳಿಯಲಿ ಅಂತ ಕಟ್ಟಿದ್ದು. ಆದರೆ ಇಂಥ ಕೋಣೆಗಳಲ್ಲಿ ನಡೆಯುವುದು ಹೀಗೇ.

ಜಗಳೂರು ಕಡೆಯ ಹಳ್ಳಿಯಿಂದ ಎಂಟು ವರ್ಷದ ಹುಡುಗನನ್ನು ಕರೆತಂದಿದ್ದಾರೆ. ಶಾಲೆಯಲ್ಲಿ ಹಿಂದುಳಿದಿದ್ದಾನೆ. ಟ್ರೈನಿ ಅವನ ಮುಂದೆ ಫಾರ್ಮ್ ಬೋರ್ಡ್ ಇಡುತ್ತಾಳೆ. ಮರದ ಹಲಗೆ, ಅದರಲ್ಲಿ ಬೇರೆ ಬೇರೆ ಆಕಾರದ ಹತ್ತು ಗುಳಿಗಳು, ಅವಕ್ಕೆ ಹೊಂದುವ ಹತ್ತು ಮರದ ತುಂಡುಗಳು. ಆದಷ್ಟು ಬೇಗ ಜೋಡಿಸಬೇಕು. ಮೂರು ಸಲ ಮಾಡಿಸಿ, ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆದುಕೊಳ್ಳುತ್ತಾರೆ. ಹುಡುಗ ನಕ್ಷತ್ರದ ತುಂಡನ್ನು ಹಿಡಿದುಕೊಂಡು ಕಿಟಕಿ ನೋಡುತ್ತಾ ಕೂತುಬಿಟ್ಟ. ಟ್ರೈನಿ ಬರೆದಳು: ‘ಮಗು ಸಹಕರಿಸಲಿಲ್ಲ, ಗಮನ ಕಡಿಮೆ.’

ಮಧ್ಯಾಹ್ನ ಸೂಪರ್‌ವೈಸರ್ ಹಾಳೆ ನೋಡಿ ಕೇಳುತ್ತಾರೆ.

‘ಮನೆ ಬಿಟ್ಟಿದ್ದು ಎಷ್ಟು ಹೊತ್ತಿಗೆ ಅಂತೆ?’

‘ಆರು ಗಂಟೆ ಬಸ್ಸಿಗೆ ಬಂದಿದ್ದಾರೆ ಮೇಡಂ.’

‘ನೀನು ಟೆಸ್ಟ್ ಶುರು ಮಾಡಿದ್ದು?’

‘ಹನ್ನೊಂದೂವರೆಗೆ.’

‘ಅಷ್ಟೊತ್ತಿಗೆ ಅವನು ಏನು ತಿಂದಿದ್ದ?’

ಅವಳ ಹತ್ತಿರ ಉತ್ತರವಿಲ್ಲ. ಹೊರಗೆ ಹೋಗಿ ಅವನ ತಾಯಿಯನ್ನು ಕೇಳಿದರೆ ಒಂದು ಲೋಟ ಚಹಾ, ಎರಡು ಬಿಸ್ಕತ್ತು. ‘ಊಟ ಮಾಡಿಸಿ ಕರ್ಕೊಂಡು ಬರ್ಲಿ, ಇನ್ನೊಮ್ಮೆ ಕೂರಿಸೋಣ. “ಸಹಕರಿಸಲಿಲ್ಲ” ಅಂತ ಬರೀಬೇಡ. ಏನು ಮಾಡಿದ, ಅದನ್ನು ಬರಿ’ ಅನ್ನುತ್ತಾರೆ ಸೂಪರ್‌ವೈಸರ್.

ಚಿಕ್ಕ ತಿದ್ದುಪಡಿ ಅನ್ನಿಸಬಹುದು. ಆದರೆ ಇಂಥ ಅಳತೆಗಳಿಂದಲೇ ಮುಂದೆ ಅಂಗವಿಕಲರ ಪ್ರಮಾಣಪತ್ರ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಮೀಸಲಾತಿಯಂಥ ಮುಖ್ಯ ಸೌಲಭ್ಯಗಳಿಗೆ ಕನಿಷ್ಠ 40% ಅಂಗವೈಕಲ್ಯ ಇರಬೇಕು. ಹಸಿದ ಮಗುವಿನ ಅಂಕಿ ತಪ್ಪಾದರೆ, ಆ ತಪ್ಪು ಅವನ ಬೆನ್ನಿಗೆ ವರ್ಷಗಟ್ಟಲೆ ಅಂಟಿಕೊಳ್ಳುತ್ತದೆ. ಅಳತೆಗೋಲು ಜನರಿಗೆ ಹೊಂದಬೇಕು ಅನ್ನುವ ಕಾಳಜಿ ನಮ್ಮಲ್ಲಿ ಹೊಸದೇನಲ್ಲ. ಧಾರವಾಡದಲ್ಲಿ ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಹೊರದೇಶದ ಬುದ್ಧಿಮಟ್ಟದ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಅಂತ ಅದು ಇವತ್ತಿಗೂ ಬಳಕೆಯಲ್ಲಿದೆ.

ಸೂಪರ್‌ವೈಸರ್ ನೋಡುವ ಎರಡನೆಯ ವಿಷಯ ಟ್ರೈನಿಯ ಮನಸ್ಸೇ. ಕುಡಿಯುವ ಅಪ್ಪನ ಮನೆಯಲ್ಲಿ ಬೆಳೆದ ಹುಡುಗಿಯ ಎದುರು ಕುಡಿತ ಬಿಡಲಾಗದ ಒಬ್ಬ ಗಂಡಸು ಬಂದು ಕೂತರೆ ಏನಾಗುತ್ತದೆ? ಅವಳಿಗೇ ಗೊತ್ತಿಲ್ಲದೆ ದನಿ ಗಡುಸಾಗುತ್ತದೆ. ಅಥವಾ ಅತಿಯಾಗಿ ಕರಗಿ ಫೋನ್ ನಂಬರ್ ಕೊಟ್ಟುಬಿಡುತ್ತಾಳೆ. ಎರಡೂ ರೋಗಿಗೆ ಒಳ್ಳೆಯದಲ್ಲ. ‘ಅವರ ಹತ್ತಿರ ಮಾತಾಡುವಾಗ ನಿನಗೇನಾಯ್ತು?’ ಅಂತ ಪಕ್ಕಕ್ಕೆ ಕರೆದು ಕೇಳುವವರು ಬೇಕು. ಮನೆಗೆ ಹೋಗಿ ನಿದ್ದೆ ಬರದೆ ಒದ್ದಾಡುವ ಟ್ರೈನಿಗೂ ಅವರೇ ಆಸರೆ.

ಇದಕ್ಕೆ ದಾರಿಗಳು ಹಲವು. ಸೂಪರ್‌ವೈಸರ್ ಜೊತೆಯಲ್ಲೇ ಕೂರಬಹುದು. ಕೆಲವು ಕಡೆ ಒಂದೇ ಬದಿಯಿಂದ ಕಾಣುವ ಗಾಜಿನ ಕೋಣೆ ಇರುತ್ತದೆ. ರೋಗಿ ಒಪ್ಪಿದರೆ ಮಾತನ್ನು ರೆಕಾರ್ಡ್ ಮಾಡಿ ಆಮೇಲೆ ಕೇಳಬಹುದು. ಅವೇನೂ ಇಲ್ಲದಿದ್ದರೆ ಟ್ರೈನಿ ನಡೆದ ಮಾತನ್ನು ಇದ್ದ ಹಾಗೇ ಬರೆದು ತರುತ್ತಾಳೆ, ಇಬ್ಬರೂ ಸಾಲು ಸಾಲಾಗಿ ಓದುತ್ತಾರೆ. ಗಾಜು, ರೆಕಾರ್ಡರ್ ಇರಲಿ ಬಿಡಲಿ, ವಾರಕ್ಕೊಮ್ಮೆಯಾದರೂ ಕೂತು ಮಾತಾಡುವ ಆ ಹೊತ್ತು ತಪ್ಪಬಾರದು.

ಒಂದು ವಿಷಯಕ್ಕೆ ಮಾತ್ರ ವಾರ ಕಾಯುವಂತಿಲ್ಲ. ಎದುರು ಕೂತವರು ‘ಬದುಕೋಕೆ ಮನಸ್ಸಿಲ್ಲ’ ಅಂದರೆ ಟ್ರೈನಿ ಆ ಕ್ಷಣವೇ ಎದ್ದು ಸೂಪರ್‌ವೈಸರ್‌ಗೆ ತಿಳಿಸಬೇಕು. ಅದನ್ನು ಒಬ್ಬಳೇ ಹೊತ್ತುಕೊಳ್ಳುವ ಹಾಗಿಲ್ಲ. (ಇದನ್ನು ಓದುತ್ತಿರುವ ಯಾರಿಗಾದರೂ ಹಾಗೆ ಅನ್ನಿಸುತ್ತಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.)

ಕಾನೂನು ಏನು ಹೇಳುತ್ತದೆ?

ಭಾವನಿಗೆ ಅತಿ ಹೆಚ್ಚು ಅಚ್ಚರಿಯಾದದ್ದು ಇಲ್ಲಿ. ಎಂ.ಎಸ್ಸಿ. ಮುಗಿದ ಕೂಡಲೇ ಮಗಳು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಬಹುದು ಅಂದುಕೊಂಡಿದ್ದರು. ಹಾಕುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಯಾರು ಅಂತ ಅದರಲ್ಲೇ ಬರೆದಿದೆ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಅರ್ಹತೆ ಇರಬೇಕು. ಸ್ನಾತಕೋತ್ತರ ಪದವಿಯ ಮೇಲೆ ಮಾಡುವ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬಗ್ಗೆ ಹೇಳುವಾಗ ‘ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿ’ ಅದರಲ್ಲಿ ಸೇರಿರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ನೋಡಿ, ಲಾಗ್‌ಬುಕ್‌ಗೆ ಬೀಳುವ ಸಹಿ ಬರೀ ಕಾಲೇಜಿನ ಔಪಚಾರಿಕತೆ ಅಲ್ಲ, ಅದರ ಬೇರು ಕಾನೂನಿನಲ್ಲೇ ಇದೆ.

ಈಚೆಗೆ ಎರಡು ಬದಲಾವಣೆ ಆಗಿವೆ. ಹೊಸ ಶಿಕ್ಷಣ ನೀತಿಯಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟರು. ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ ಮಾತ್ರ 2025–26ರವರೆಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅವಕಾಶ ಕೊಟ್ಟಿತು. ಇನ್ನೊಂದು, 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸುವಂತಿಲ್ಲ ಅಂತ ಯುಜಿಸಿ ಹೇಳಿತು. ಮನೆಯಲ್ಲೇ ಕೂತು ಪದವಿ ಪಡೆಯೋಣ ಅಂದುಕೊಂಡಿದ್ದ ಎಷ್ಟೋ ಜನರಿಗೆ, ಅದರಲ್ಲೂ ಮದುವೆಯಾಗಿ ಮಕ್ಕಳಿರುವ ಹೆಣ್ಣುಮಕ್ಕಳಿಗೆ, ಇದು ಕಷ್ಟವೇ. ಕೋರ್ಸ್ ಸೇರುವ ಮುಂಚೆ ಆರ್‌ಸಿಐ ಜಾಲತಾಣದಲ್ಲಿ ಆ ವರ್ಷದ ಮಾನ್ಯತೆಯ ಪಟ್ಟಿ ನೋಡಿಕೊಳ್ಳಿ. ಏಜೆಂಟರ ಮಾತು ಕೇಳಿ ದುಡ್ಡು ಕಟ್ಟಬೇಡಿ.

ರೋಗಿಯ ಕಡೆಯವರಿಗೆ

ಕೋಣೆಯಲ್ಲಿ ಚಿಕ್ಕ ವಯಸ್ಸಿನವರೊಬ್ಬರು ಪೆನ್ನು ಹಿಡಿದು ಕೂತಿದ್ದರೆ ‘ನೀವು ಯಾರು?’ ಅಂತ ಧಾರಾಳವಾಗಿ ಕೇಳಿ. ಒಳ್ಳೆಯ ಟ್ರೈನಿ ಕೇಳುವ ಮೊದಲೇ ಹೇಳುತ್ತಾರೆ: ‘ನಾನು ಇನ್ನೂ ಓದ್ತಿದ್ದೀನಿ ಅಜ್ಜಿ, ಇಂಥ ಮೇಡಂ ಕೈಕೆಳಗೆ ಕಲೀತಿದ್ದೀನಿ. ನಾನು ಮಾತಾಡಿಸಬಹುದಾ?’ ‘ಬೇಡ’ ಅನ್ನುವ ಹಕ್ಕು ನಿಮಗಿದೆ. ಬೇಡ ಅಂದರೆ ಚಿಕಿತ್ಸೆ ನಿಲ್ಲಬಾರದು.

ಹೇಳಿದ ಮಾತು ಗುಟ್ಟಾಗಿ ಉಳಿಯುತ್ತದಾ? ಉಳಿಯಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಅದನ್ನು ರೋಗಿಯ ಹಕ್ಕು ಅಂತಲೇ ಹೇಳಿದೆ. ಟ್ರೈನಿ ಸೂಪರ್‌ವೈಸರ್ ಜೊತೆ ಚರ್ಚಿಸುವುದು ಚಿಕಿತ್ಸೆಯ ಭಾಗ. ಕಾಲೇಜಿಗೆ ಕೊಡುವ ವರದಿಯಲ್ಲಿ ಹೆಸರು, ಊರು ತೆಗೆದಿರಬೇಕು. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ, ಕೋರ್ಟ್ ಕೇಳಿದರೆ, ಇಂಥ ಕೆಲವು ಸಂದರ್ಭದಲ್ಲಿ ಮಾತ್ರ ಹೊರಗೆ ಹೇಳಬಹುದು. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರುವುದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸಲೇಬೇಕು, ಅಲ್ಲಿ ಆಯ್ಕೆಯೇ ಇಲ್ಲ.

ಇನ್ನು ಕೆಲವರಿಗೆ ‘ನಮ್ಮನ್ನು ಕಲಿಕೆಗೆ ಬಳಸಿಕೊಳ್ತಾರೆ’ ಅನ್ನುವ ಬೇಸರ ಇರುತ್ತದೆ. ಅದು ನನಗೆ ಅರ್ಥವಾಗುತ್ತದೆ. ಆದರೆ ಸರಿಯಾಗಿ ನಡೆದರೆ ರೋಗಿಗೆ ಲಾಭವೂ ಇದೆ. ತುಂಬಿದ ಓಪಿಡಿಯಲ್ಲಿ ದೊಡ್ಡ ಡಾಕ್ಟರಿಗೆ ಒಬ್ಬರ ಜೊತೆ ಒಂದು ಗಂಟೆ ಕೂರಲು ಆಗುವುದಿಲ್ಲ. ಟ್ರೈನಿ ಕೂರುತ್ತಾಳೆ.

ನಮ್ಮ ಜಿಲ್ಲೆಗಳಲ್ಲಿ

ಮಾನಸಿಕ ಆರೋಗ್ಯವನ್ನು ಜಿಲ್ಲೆಯ ಮಟ್ಟಕ್ಕೆ ತರುವ ಪ್ರಯೋಗ ನಮ್ಮ ಪಕ್ಕದ ಬಳ್ಳಾರಿಯಲ್ಲೇ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನೆರವಿನಿಂದ ನಡೆಯಿತು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅದರ ತಂಡದಲ್ಲಿ ಮನೋವೈದ್ಯರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆಯೂ ಇದೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ 10.6% ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯವರೆಗೆ ಬಂದೇ ಇರಲಿಲ್ಲ.

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ, ಎರಡು ಮೆಡಿಕಲ್ ಕಾಲೇಜು, ಅಂಗವಿಕಲರಿಗಾಗಿ ಕೇಂದ್ರ ಸರ್ಕಾರ ನಡೆಸುವ ಸಂಯುಕ್ತ ಪ್ರಾದೇಶಿಕ ಕೇಂದ್ರ ಇವೆ. ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ, ಬಸವೇಶ್ವರ ಮೆಡಿಕಲ್ ಕಾಲೇಜು ಇವೆ. ಕಟ್ಟಡಗಳಿಗೆ ಕೊರತೆ ಇಲ್ಲ. ಕೊರತೆ ಇರುವುದು ಕೂತು ಕಲಿಸುವವರಿಗೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳೇ ಕಡಿಮೆ. ಇರುವವರ ಮುಂದೆ ರೋಗಿಗಳ ಸಾಲು, ಆ ಸಾಲಿನ ಹಿಂದೆ ವಿದ್ಯಾರ್ಥಿಗಳ ಸಾಲು.

ಕೊರತೆಯ ಜಾಗದಲ್ಲೇ ಕಳ್ಳದಾರಿಯೂ ಹುಟ್ಟುತ್ತದೆ. ನಮ್ಮ ಹುಡುಗಿಯ ಗೆಳತಿಯೊಬ್ಬಳು ಹೋದ ವರ್ಷ ಒಂದು ಕೇಂದ್ರಕ್ಕೆ ದುಡ್ಡು ಕಟ್ಟಿ ಸೇರಿದಳು. ನಾಲ್ಕು ವಾರ ರಿಜಿಸ್ಟರ್‌ನಲ್ಲಿ ಹೆಸರು ಬರೆಸಿಕೊಂಡರು, ಫೈಲ್ ಜೋಡಿಸಲು ಹೇಳಿದರು. ಒಂದು ದಿನವೂ ಯಾರೂ ಕೂರಿಸಿ ಮಾತಾಡಲಿಲ್ಲ. ಕೊನೆಗೆ ದಪ್ಪ ಕಾಗದದ ಮೇಲೆ ಬಣ್ಣದ ಸರ್ಟಿಫಿಕೇಟ್. ಅದನ್ನು ಪ್ಲೇಸ್‌ಮೆಂಟ್ ಅನ್ನಲು ನನ್ನಿಂದಾಗದು. ಅದಕ್ಕಿಂತ ಅಪಾಯದ್ದು ಇನ್ನೊಂದು ಬಗೆ. ಟ್ರೈನಿಯನ್ನು ಮೊದಲ ವಾರವೇ ಒಬ್ಬಳನ್ನೇ ಕೋಣೆಯಲ್ಲಿ ಕೂರಿಸಿ, ರೋಗಿಗಳನ್ನು ಒಳಗೆ ಕಳಿಸುವುದು. ಅಲ್ಲಿ ಕಲಿಯುವವಳಿಗೂ ರಕ್ಷಣೆ ಇಲ್ಲ, ಬಂದವರಿಗೂ ಇಲ್ಲ.

ಹಾಗಾಗಿ ಮಕ್ಕಳನ್ನು ಕಳಿಸುವ ಮೊದಲು ನಾಲ್ಕು ಮಾತು ಕೇಳಿ ತಿಳಿದುಕೊಳ್ಳಿ. ಸೂಪರ್‌ವೈಸರ್ ಯಾರು, ಅವರ ಆರ್‌ಸಿಐ ನೋಂದಣಿ ಇದೆಯಾ? ವಾರದಲ್ಲಿ ಎಷ್ಟು ಹೊತ್ತು ಟ್ರೈನಿ ಜೊತೆ ಕೂರುತ್ತಾರೆ? ಕಾಲೇಜಿಗೂ ಆ ಸಂಸ್ಥೆಗೂ ಬರವಣಿಗೆಯಲ್ಲಿ ಒಪ್ಪಂದ ಇದೆಯಾ? ಕಷ್ಟದ ಪರಿಸ್ಥಿತಿ ಬಂದರೆ ಯಾರಿಗೆ ಫೋನ್ ಮಾಡಬೇಕು? ಇದಕ್ಕೆಲ್ಲ ನೇರ ಉತ್ತರ ಕೊಡದ ಕಡೆ ಕಳಿಸಬೇಡಿ, ಎಷ್ಟೇ ದೊಡ್ಡ ಹೆಸರಿದ್ದರೂ.

ಈಗ ಅಕ್ಕನ ಮಗಳಿಗೆ ಮೂರನೇ ವಾರ. ಬೆಳಗ್ಗೆ ಏಳಕ್ಕೆ ಚಿತ್ರದುರ್ಗದಲ್ಲಿ ಬಸ್ ಹತ್ತುತ್ತಾಳೆ. ಮೊದಮೊದಲು ಅವಳು ವಾಪಸ್ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ಭಾವ ‘ಇವತ್ತು ಯಾವ ಥರದವರು ಬಂದಿದ್ರು?’ ಅಂತ ಕೇಳುತ್ತಿದ್ದರಂತೆ. ‘ಅದೆಲ್ಲ ಹೇಳೋ ಹಾಗಿಲ್ಲ ಅಪ್ಪಾಜಿ’ ಅಂದು ಅವಳು ಕೈಕಾಲು ತೊಳೆಯಲು ಹೋಗುತ್ತಿದ್ದಳು. ಈಗ ಅವರು ಆ ಪ್ರಶ್ನೆ ಬಿಟ್ಟಿದ್ದಾರೆ. ಲಾಗ್‌ಬುಕ್ ಕಡೆ ಕೈ ತೋರಿಸಿ ‘ಮೇಡಂ ಇವತ್ತು ಕೂತು ನೋಡಿದ್ರಾ?’ ಅಂತಷ್ಟೇ ಕೇಳುತ್ತಾರೆ.